ಸಾವಿರದ ಎಂಟುನೂರ ಹನ್ನೆರಡನೆಯ ಮೀಟರು

ಸಮೀಕ್ಷಾ ಶಿಬಿರ
ಫೆಬ್ರವರಿ 6

ಪ್ರೀತಿಯ ಮಾವ,

ಕಲ್ಲಿನ ಪೆಟ್ಟಿಗೆ ಹದಿನೇಳನ್ನು ಬಿಚ್ಚಿ, ಮೇಲಿನ ಎರಡು ಸಾಲು ಎತ್ತಿಟ್ಟ ಮೇಲೆ ನಿನಗೆ ಈ ಕಾಗದ ಸಿಕ್ಕಿರುತ್ತದೆ. “ಇಲಾಖೆ ಪೆಟ್ಟಿಗೇಲಿ ಮನೆ ಕಾಗದ ತುರುಕ್ತಾಳೆ, ನಮ್ಮಕ್ಕ ಹೆತ್ತ ಮಗಳು” ಎಂದು ಬೈದಿರುತ್ತೀಯ. ಬೈದುಕೋ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಬೆಳಗಿನ ರೇಡಿಯೊದಲ್ಲಿ ಮಾತಾಡೋಣವೆಂದರೆ ಇಡೀ ಇಲಾಖೆ ಕಿವಿಗೊಟ್ಟು ಕೂತಿರುತ್ತದೆ. ಹತ್ತು ದಿನಕ್ಕೊಮ್ಮೆ ನಿನ್ನ ಉಗ್ರಾಣಕ್ಕೆ ಕಲ್ಲು ಹೊತ್ತು ಬರುವ ಲಾರಿಯೇ ನನಗೆ ಅಂಚೆ.

ಕೆಲಸ ಭರ್ಜರಿಯಾಗಿ ನಡೆದಿದೆ. ಕೋಟ್ಯಂತರ ವರ್ಷ ಹೊಳೆಗಳೂ ಸಮುದ್ರವೂ ತಂದು ಸುರಿದ ಮಣ್ಣು, ಮರಳು, ಚಿಪ್ಪು ಪದರ ಪದರವಾಗಿ ಕಲ್ಲಾಗಿ ಕೂತಿರುವ ಈ ಬೋಗುಣಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲು ಜೀಪಿಗೆ ಎರಡು ದಿನ ಬೇಕು. ಇಷ್ಟು ದೊಡ್ಡ ಜಾಗದಲ್ಲಿ ನಮ್ಮವರು ಇದುವರೆಗೆ ಕಚ್ಚಾ ಎಣ್ಣೆಗಾಗಿ ಕೊರೆದದ್ದು ಒಂದೇ ಒಂದು ಬಾವಿ. ಎಣ್ಣೆ ಸಿಗಲಿಲ್ಲ. ಅಷ್ಟಕ್ಕೇ ನಕಾಶೆಯ ಮೇಲೆ ‘ಬರಡು’ ಎಂದು ಬರೆದು ಮೂವತ್ತೊಂದು ವರ್ಷ ಈ ಕಡೆ ತಿರುಗಿ ನೋಡಲಿಲ್ಲ. ಇಡೀ ಕೆರೆಗೆ ಒಂದು ಸಲ ಗಾಳ ಹಾಕಿ, ಮೀನಿಲ್ಲ ಎಂದು ಎದ್ದು ಹೋದ ಹಾಗೆ!

ಆ ಬಾವಿ ಯಾವುದೆಂದು ನಿನಗೆ ನಾನು ಹೇಳಬೇಕೆ? ಕಲ್ಲಿನ ಚೂರು ಆರಿಸಿ ಚೀಲಕ್ಕೆ ತುಂಬುವ ಕೆಲಸಕ್ಕೆ ನೀನು ಮೊದಲು ಸೇರಿದ ಬಾವಿ. ಎಣ್ಣೆಯ ವಾಸನೆ ಹಿಡಿದದ್ದಕ್ಕೆ ಇಲಾಖೆಯಲ್ಲಿ ನಿನಗೆ ‘ಮೂಗಣ್ಣ’ ಎಂಬ ಹೆಸರು ತಂದ ಬಾವಿ.

ಏಪ್ರಿಲ್ ಹನ್ನೆರಡಕ್ಕೆ ನಿರ್ದೇಶಕರ ಸಮಿತಿ ಕೂರುತ್ತದೆ. ನನ್ನ ಪ್ರಸ್ತಾವ ಒಪ್ಪಿದರೆ ಒಂದು ಬಾವಿ ಕೊರೆಯಲು ಬಿಡುತ್ತಾರೆ. ಒಂದೇ. ಅದು ಒಣಗಿದ್ದರೆ ಈ ಬೋಗುಣಿಯ ಕಡತಕ್ಕೆ ದಾರ ಸುತ್ತಿ ಕೆಳಗಿನ ಕಪಾಟಿಗೆ ತಳ್ಳುತ್ತಾರೆ, ನನ್ನ ಆರು ವರ್ಷದ ದುಡಿಮೆಯನ್ನೂ ಅದರ ಜೊತೆಗೆ. ನನಗೆ ಅಂಜಿಕೆಯಿಲ್ಲ. ಎಣ್ಣೆ ಹುಟ್ಟಿಸುವ ಕಪ್ಪು ಜೇಡಿಗಲ್ಲು ಇಲ್ಲಿದೆ, ಕೈಯಾರೆ ಮುಟ್ಟಿದ್ದೇನೆ. ಎಣ್ಣೆ ಹಿಡಿದಿಡುವ ಕಲ್ಲಿದೆ, ಮೇಲೆ ಮುಚ್ಚಳವಿದೆ. ಮತ್ತೆ, ಎಣ್ಣೆ ಇತ್ತು ಎನ್ನಲು ನೀನಿದ್ದೀಯ. 1,812 ಮೀಟರಿನ ಮರಳುಗಲ್ಲಿನಲ್ಲಿ ನೀನು ಎಣ್ಣೆ ಕಂಡದ್ದನ್ನು ನಡೆದ ಹಾಗೆ ಬರೆದು ಕಳಿಸು. ಪ್ರಸ್ತಾವದ ಮೊದಲ ಪುಟಕ್ಕೆ ಹಾಕುತ್ತೇನೆ.

ನಿನ್ನ ಸೊಸೆ

*

ಕೇಂದ್ರ ಶಿಲಾ ಉಗ್ರಾಣ
ಫೆಬ್ರವರಿ 12

ಚಿರಂಜೀವಿ ಸುತ್ತಿಗೆಗೆ ಮಾವನ ಆಶೀರ್ವಾದ.

ಮೂರು ವರ್ಷದವಳಿದ್ದಾಗ ನಮ್ಮನೆ ಹೊಸಲಿನ ಕಲ್ಲನ್ನೇ ಒಡೆದು ಒಳಗೇನಿದೆ ನೋಡಿದವಳು ನೀನು. ಅವತ್ತೇ ಅಕ್ಕನಿಗೆ ಹೇಳಿದ್ದೆ, “ಇವಳಿಗೆ ಬೇರೆ ಆಟದ ಸಾಮಾನು ತರಬೇಡ, ಒಂದು ಸುತ್ತಿಗೆ ತಂದುಕೊಡು, ಸಾಕು” ಅಂತ. ನಿನ್ನ ಮೊದಲ ಪುಟಕ್ಕೆ ನಾನು ಬೇಕೆ? ಹಾಕು ತಾಯಿ, ಬೇಕಾದರೆ ಫೋಟೊವನ್ನೂ ಹಾಕು.

ಕೇಳು. ಕೊರೆಯುವ ಹಲ್ಲು ಪಾತಾಳದಲ್ಲಿ ಕಲ್ಲು ಕಡಿಯುತ್ತದೆ. ಕೆಸರುನೀರು ಆ ಚೂರುಗಳನ್ನು ಹೊತ್ತು ಮೇಲೆ ಬರುತ್ತದೆ. ಬರಲು ಐವತ್ತು ನಿಮಿಷ. ಅಷ್ಟರಲ್ಲಿ ಹಲ್ಲು ಇನ್ನೂ ಕೆಳಗೆ ಹೋಗಿರುತ್ತದಲ್ಲ? ಅದಕ್ಕೇ ಜರಡಿಯ ಮೇಲೆ ಚೂರು ಕಂಡಾಗ ಹಲ್ಲಿರುವ ಆಳವನ್ನು ಚೀಟಿಯಲ್ಲಿ ಬರೆಯುವ ಹಾಗಿಲ್ಲ. ದಾರಿಯ ಹೊತ್ತಿನ ಲೆಕ್ಕ ಕಳೆದು ಬರೆಯಬೇಕು. ಅವತ್ತು ಕಳೆಯಬೇಕಾದದ್ದು ಇಪ್ಪತ್ತನಾಲ್ಕು ಮೀಟರು. ನಿನ್ನ ಮಾವ ಕಳೆಯುವುದನ್ನು ಒಂದು ದಿನವೂ ಮರೆತವನಲ್ಲ. ಅದನ್ನೂ ಬರೆದುಕೋ.

ನಾನು ಎರಡು ಗಂಟೆಯ ಪಾಳಿ. ಬೆಳಗಿನ ಪಾಳಿಗೆ ಉದ್ದಣ್ಣ. ಅವನ ಕಥೆ ನಿನಗೆ ಗೊತ್ತು: ಆರೂವರೆ ಅಡಿ ಆಳು, ಆಕಳಿಸಿದರೆ ಜರಡಿಯ ನೊಣಗಳು ಗೂಡು ಸಿಕ್ಕಿತೆಂದು ಒಳಗೆ ಹೋಗುತ್ತಿದ್ದವು. ಅವತ್ತೂ ಆಕಳಿಸುತ್ತಲೇ ಎದ್ದ. “ಬೋರ್ಡ್ ಬರ್ದಿದೀನಿ, ಪುಸ್ತಕ ನೋಡ್ಕೊ” ಅಂದ, ಹೊರಟ. ಅವನ ಕಾಗೆಕಾಲು ಗುಬ್ಬಿಕಾಲು ಓದಲು ನನಗೇನು ಬೇರೆ ಕೆಲಸವಿರಲಿಲ್ಲವೆ? ಬೋರ್ಡಿನಲ್ಲಿ ಆಳ ಇತ್ತು, ಸಾಕು. ಜರಡಿಗೆ ಕೈ ಹಾಕಿದೆ. ಘಮ್ ಎಂದಿತು! ಚೂರನ್ನು ಎಣ್ಣೆ ಪತ್ತೆಮಾಡುವ ನೇರಳೆ ದೀಪದಡಿ ಹಿಡಿದರೆ ಹಳದಿ ಹೊಳಪು, ಬೆಕ್ಕಿನ ಕಣ್ಣಿನ ಹಾಗೆ. ಕಳೆದು ನೋಡಿದೆ: 1,812. ಚೀಟಿ ಬರೆದು ಚೀಲ ಕಟ್ಟಿ ಕೂಗಿಕೊಂಡೆ. ಎಂಜಿನಿಯರು ಊಟದ ಕೈಯಲ್ಲೇ ಓಡಿ ಬಂದರು.

ಆಮೇಲೆ ಅದೇ ಆಳಕ್ಕೆ ಕೊಳವೆ ಇಳಿಸಿ ಪರೀಕ್ಷೆ ಮಾಡಿದರು. ಬಂದದ್ದು ಉಪ್ಪುನೀರು. ಪರೀಕ್ಷೆ ಮಾಡಿದವರಿಗೆ ಕೈ ನಡುಗಿರಬೇಕು, ನಾನೇನು ಮಾಡಲಿ? ಎಣ್ಣೆ ಇತ್ತು. ಮೂಗು ನನ್ನದು, ಸಾಕ್ಷಿ ನಾನು.

ಅಕ್ಕ ನಿನಗೆ ಟೊಪ್ಪಿ ಹಾಕಿಕೊಂಡು ಬಿಸಿಲಿಗೆ ಹೋಗಲು ಹೇಳಿದ್ದಾಳೆ. ಹೇಳಿದ್ದೇನೆ.

ನಿನ್ನ ಮಾವ

*

ಸಮೀಕ್ಷಾ ಶಿಬಿರ
ಫೆಬ್ರವರಿ 16

ಪ್ರೀತಿಯ ಮಾವ,

ನಿನ್ನ ಕಾಗದವನ್ನು ಊಟದ ಡೇರೆಯಲ್ಲಿ ಗಟ್ಟಿಯಾಗಿ ಓದಿದೆ. ನೊಣಗಳ ಜಾಗಕ್ಕೆ ಬಂದಾಗ ಅಡುಗೆಯವರು ಸೌಟು ಕೆಳಗಿಟ್ಟು ನಕ್ಕರು.

ಈಗ ನನ್ನ ಸುದ್ದಿ. ಬಾವಿಯಲ್ಲಿ ನೀವು ಸಾವಿರದ ಎಂಟುನೂರು ಮೀಟರ್ ಕೆಳಗೆ ಕೊರೆದ ಪದರಗಳೇ ದಕ್ಷಿಣದ ಅಂಚಿನಲ್ಲಿ ಎದ್ದು ಬಯಲಿಗೆ ಬಂದಿವೆ. ಮೂರು ದಿನ ಆ ಬಂಡೆಯ ಮೇಲೆ ಹಲ್ಲಿಯ ಹಾಗೆ ಹರಿದಾಡಿದೆ. ಮೇಲೆ ಮರಳುಗಲ್ಲು. ಅದರ ಕೆಳಗೆ ಹನ್ನೆರಡು ಮೀಟರ್ ಜೇಡಿಗಲ್ಲು, ನೀರು ಕೂಡ ನುಸುಳದಷ್ಟು ಬಿಗಿ. ಅದರ ಕೆಳಗೆ ಸುಣ್ಣಕಲ್ಲು. ನಿಮ್ಮ ಬಾವಿಗೆ ಅಳತೆ ಯಂತ್ರ ಇಳಿಸಿ ಬರೆದ ವರದಿಯಲ್ಲೂ ಇದೇ ವರಸೆ: 1,818ರವರೆಗೆ ಮರಳುಗಲ್ಲು, 1,830ರವರೆಗೆ ಜೇಡಿ, ಆಮೇಲೆ ಸುಣ್ಣ.

ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಇಲ್ಲಿ ಮರಳುಗಲ್ಲು ತೊಳೆದಿಟ್ಟ ತಟ್ಟೆಯ ಹಾಗೆ ಚೊಕ್ಕಟ. ಎಣ್ಣೆಯ ಕಲೆ ಒಂದಿಷ್ಟೂ ಇಲ್ಲ. ಕೆಳಗಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ನೋಡಿದರೆ ಒಣಗಿದ ಡಾಂಬರು! ಉಗುರಲ್ಲಿ ಕೆರೆದರೆ ಕಪ್ಪಾಗಿ ಬರುತ್ತದೆ. ಎಣ್ಣೆ ಸುಣ್ಣದಲ್ಲಿ ಕೂತಿದೆ, ಜೇಡಿಯ ಮುಚ್ಚಳ ಅದನ್ನು ಮೇಲೆ ಬಿಟ್ಟಿಲ್ಲ. ಹಾಗಿದ್ದರೆ ನಿನಗೆ ಅದು ಮರಳುಗಲ್ಲಿನಲ್ಲಿ ಹೇಗೆ ಸಿಕ್ಕಿತು?

ಇನ್ನೊಂದು. ನಿನ್ನ ಚೀಲದ ಚೂರಿನ ಬಗ್ಗೆ ಹಳೆ ವರದಿಯಲ್ಲಿ ‘ಸುಣ್ಣ ಬೆರೆತ ಮರಳುಗಲ್ಲು, ಆಮ್ಲಕ್ಕೆ ನೊರೆ ಬರುತ್ತದೆ’ ಎಂದಿದೆ. ಇಲ್ಲಿಯ ಮರಳುಗಲ್ಲಿನ ಮೇಲೆ ಅರ್ಧ ಬಾಟಲಿ ಆಮ್ಲ ಸುರಿದೆ, ಸುಮ್ಮನೆ ಒದ್ದೆಯಾಯಿತು.

ಉಗ್ರಾಣದಲ್ಲಿ 1,812ರ ಚೀಲ ಇದೆಯಲ್ಲ, ಅದರಿಂದ ಒಂದು ಚಮಚ ಚೂರು ಕಳಿಸು. ಇದು ಹಟಕ್ಕಲ್ಲ. ಬಾವಿಯ ಜಾಗ ಗೊತ್ತು ಮಾಡುವುದು ಅದರ ಮೇಲೆ ನಿಂತಿದೆ. ಎಣ್ಣೆ ಮರಳುಗಲ್ಲಿನದಾದರೆ ಉತ್ತರದಲ್ಲಿ ಕೊರೆಯಬೇಕು, ಅಲ್ಲಿ ಮರಳುಗಲ್ಲು ಗೋಡೆಯಷ್ಟು ದಪ್ಪ. ಸುಣ್ಣಕಲ್ಲಿನದಾದರೆ ದಕ್ಷಿಣದಲ್ಲಿ, ಅಂಚಿನಿಂದ ಒಳಗೆ, ಅಲ್ಲಿ ನೆಲದಾಳದ ಪದರ ಬಾಗಿ ಚೆನ್ನಾಗಿ ಬಿರುಕು ಬಿಟ್ಟಿದೆ. ಎರಡರ ನಡುವೆ ಅರವತ್ತು ಕಿಲೋಮೀಟರ್. ಒಂದು ಬಾವಿಯನ್ನು ಎರಡು ಕಡೆ ಕೊರೆಯಲಾಗುವುದಿಲ್ಲ.

ನಿನ್ನ ಸೊಸೆ

*

ಕೇಂದ್ರ ಶಿಲಾ ಉಗ್ರಾಣ
ಫೆಬ್ರವರಿ 22

ಚಿರಂಜೀವಿ ಸುತ್ತಿಗೆಗೆ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಅಕ್ಕನ ಕಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದ ಕೂಡಲೇ ನನ್ನನ್ನು ನೋಡಿ, “ಅಯ್ಯೋ, ಇಷ್ಟು ಮುದುಕ ಆಗಿದೀಯೇನೋ! ಯಾರೂ ಹೇಳ್ಲೇ ಇಲ್ವಲ್ಲೋ!” ಎಂದಳು. ಅಂದರೆ ಕಣ್ಣು ಸರಿಹೋಗಿದೆ.

ಚೀಲದ ವಿಚಾರ. ಹಳೆ ಕೊಠಡಿಯ ಕಪಾಟುಗಳನ್ನು ಬದಲಾಯಿಸುತ್ತಿದ್ದಾರೆ. ಎಲ್ಲ ಅದಲುಬದಲಾಗಿದೆ, ಕೈಗೆ ಸಿಗಲಿಲ್ಲ. ಸಿಗದಿದ್ದರೂ ತೊಂದರೆ ಇಲ್ಲ. ಬಾವಿಗೂ ನಿನ್ನ ಬಂಡೆಗೂ ಎಷ್ಟು ದೂರ! ಒಂದೇ ಹೊಳೆ ಒಂದು ಕಡೆ ಶುದ್ಧ ಮರಳು ಸುರಿಯುತ್ತದೆ, ಇನ್ನೊಂದು ಕಡೆ ಸುಣ್ಣ ಬೆರೆಸಿ ಸುರಿಯುತ್ತದೆ. ಇದು ನಿನಗೆ ಗೊತ್ತಿಲ್ಲದ್ದೇನಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ದೊಡ್ಡವರು ಆ ವರದಿ ಓದಿದ್ದಾರೆ, ಒಬ್ಬರೂ ಬೆರಳೆತ್ತಲಿಲ್ಲ. ಧೈರ್ಯವಾಗಿ ಉತ್ತರಕ್ಕೆ ಹೋಗು.

ಬಿಸಿಲು ಜಾಸ್ತಿ, ನೀರು ಕುಡಿ.

ಮಾವ

*

ಸಮೀಕ್ಷಾ ಶಿಬಿರ
ಫೆಬ್ರವರಿ 26

ಪ್ರೀತಿಯ ಮಾವ,

ನಿನ್ನ ಮಾತು ಸಾಕು. ನಿಜ, ಅಷ್ಟು ದೂರದಲ್ಲಿ ಕಲ್ಲು ಬದಲಾಗಬಹುದು. ನಾನೇ ಕಂಡದ್ದಕ್ಕಿಂತ ನೀನು ಕಂಡದ್ದನ್ನು ಹೆಚ್ಚು ನಂಬುತ್ತೇನೆ. ನಾನು ಕಂಡದ್ದು ಒಣಗಿದ ಡಾಂಬರು, ನೀನು ಕಂಡದ್ದು ಹಸಿ ಎಣ್ಣೆ.

ಉತ್ತರದ ಜಾಗಕ್ಕೆ ಗೂಟ ಹೊಡೆಸಿದ್ದೇನೆ. ಪ್ರಸ್ತಾವ ತಯಾರಾಗಿದೆ. ಮೊದಲ ಪುಟದಲ್ಲಿ ನಿನ್ನ ಕಥೆ, ನೊಣಗಳನ್ನು ಬಿಟ್ಟು. ಒಂದು ಪ್ರತಿ ಇದರ ಜೊತೆಗಿದೆ. ಓದಿ, ಸರಿಯಿದೆ ಎಂದು ಒಂದು ಸಾಲು ಬರೆ, ಮುಂದಿನ ಲಾರಿಗೆ ನಿರ್ದೇಶಕರಿಗೆ ಕಳಿಸುತ್ತೇನೆ. ಚೀಲ ಸಿಕ್ಕರೆ ಕಳಿಸು, ಸಿಗದಿದ್ದರೆ ಚಿಂತೆಯಿಲ್ಲ.

ಅಮ್ಮನಿಗೆ ಹೇಳು: ಟೊಪ್ಪಿ ತಲೆಯ ಮೇಲೇ ಇದೆ.

ನಿನ್ನ ಸೊಸೆ

*

ಸಮೀಕ್ಷಾ ಶಿಬಿರ
ಮಾರ್ಚ್ 18

ಉಗ್ರಾಣಪಾಲಕರಿಗೆ,

ಎರಡು ಲಾರಿಗಳು ಬಂದು ಹೋದವು. ಪೆಟ್ಟಿಗೆಗಳ ಜೊತೆ ನಿಮ್ಮ ಸಹಿಯ ರಸೀದಿಗಳು ಬಂದವು. ಕಾಗದ ಬರಲಿಲ್ಲ. ಪ್ರಸ್ತಾವದ ಬಗ್ಗೆ ಒಂದು ಸಾಲೂ ಬರಲಿಲ್ಲ.

ನಿಮಗೆ ಮೈ ಸರಿಯಿಲ್ಲವೇನೋ ಎಂದು ಹೆದರಿ ಡ್ರೈವರನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಚೆನ್ನಾಗೇ ಇದಾರಮ್ಮ. ಒಂದು ಹಳೇ ಬಟ್ಟೆ ಚೀಲ ಮೇಜಿನ ಮೇಲಿಟ್ಕೊಂಡು ಸುಮ್ನೆ ಕೂತಿರ್ತಾರೆ. ಹೋದ ಸಲಾನೂ ಅದೇ ಚೀಲ, ಅದರ ಹಿಂದಿನ ಸಲಾನೂ ಅದೇ ಚೀಲ. ಏನಣ್ಣಾ ಅದು ಅಂದ್ರೆ, ನನ್ ಮೂಗು ಕಣಯ್ಯ ಅಂದ್ರು.”

ಸಿಗಲಿಲ್ಲ ಎಂದು ನೀವು ಬರೆದ ಚೀಲ ಅದೇ ತಾನೆ?

ನಾನು ಇಲ್ಲಿ ನೆಟ್ಟಿರುವುದು ಗೂಟವನ್ನಲ್ಲ, ಈ ಶಿಬಿರದ ಮೂವತ್ತೆಂಟು ಜನರ ಅನ್ನವನ್ನು. ಆ ಗೂಟ ನಿಮ್ಮ ಮಾತಿನ ಮೇಲೆ ನಿಂತಿದೆ. ಮುಂದಿನ ಲಾರಿಯಲ್ಲಿ ಚೀಲ ಬರಲಿ. ಸಮಿತಿಗೆ ಇನ್ನು ಇಪ್ಪತ್ತೈದು ದಿನ.

ಸಮೀಕ್ಷಾ ತಂಡದ ಮುಖ್ಯಸ್ಥೆ

*

ಕೇಂದ್ರ ಶಿಲಾ ಉಗ್ರಾಣ
ಮಾರ್ಚ್ 24

ಮಗಳೇ,

ನೀನು ಹುಟ್ಟಿದಾಗಿನಿಂದ ನನ್ನನ್ನು ‘ನೀವು’ ಅಂದದ್ದು ಇದೇ ಮೊದಲು. ಆ ಕಾಗದ ಓದಿ ಕುರ್ಚಿಯಿಂದ ಎದ್ದು ನಿಂತೆ, ಯಾರೋ ದೊಡ್ಡವರು ಒಳಗೆ ಬಂದ ಹಾಗೆ.

ಚೀಲ ಕಳೆದಿರಲಿಲ್ಲ. ಈ ಉಗ್ರಾಣದಲ್ಲಿ ನಲವತ್ತು ಸಾವಿರ ಚೀಲ ಇವೆ, ಕಣ್ಣು ಕಟ್ಟಿ ಬಿಟ್ಟರೂ ಅದೊಂದನ್ನು ಹುಡುಕಿ ತರುತ್ತೇನೆ. ಚೂರು ಕೇಳಿ ನೀನು ಬರೆದ ಕಾಗದ ಬಂದ ದಿನವೇ ತೆಗೆದೆ. ಬಂದವರಿಗೆಲ್ಲ ತೋರಿಸಲೆಂದು ಇಷ್ಟು ವರ್ಷದಲ್ಲಿ ನೂರು ಸಲ ಹೊರಗೆ ತೆಗೆದಿದ್ದೇನೆ, ಆದರೆ ಚೀಟಿ ತೋರಿಸುತ್ತಿದ್ದೆ, ಚೂರನ್ನು ನೋಡುತ್ತಿರಲಿಲ್ಲ. ಅವತ್ತು ಸಾಸರಿಗೆ ಒಂದು ಚಮಚ ಸುರಿದು ಆಮ್ಲ ಬಿಟ್ಟೆ. ಬುಸ್ಸೆಂದು ಉಕ್ಕಿತು. ಮರಳಿಗೆ ಸುಣ್ಣ ಬೆರೆತಿದ್ದರೆ ನೊರೆ ಬಂದು ಮರಳು ಉಳಿಯಬೇಕಲ್ಲ? ಇದು ಕರಗುತ್ತಲೇ ಹೋಯಿತು. ಉಳಿದ ಚೂರುಗಳನ್ನು ಮಸೂರದಲ್ಲಿ ನೋಡಿದೆ. ಬಟಾಣಿಯನ್ನು ಚಪ್ಪಟೆ ಮಾಡಿದಂಥ ಚಿಕ್ಕ ಚಿಕ್ಕ ಚಿಪ್ಪು. ಅವು ಆ ಬಾವಿಯಲ್ಲಿ 1,830ರ ಕೆಳಗಿನ ಸುಣ್ಣಕಲ್ಲಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ.

ಮೇಲಿನ ಕಲ್ಲು ಬಾವಿಯ ಗೋಡೆಯಿಂದ ಕೆಳಗೆ ಉದುರಬಹುದು. ಕೆಳಗಿನ ಕಲ್ಲು ಮೇಲಕ್ಕೆ ಹಾರುವುದಿಲ್ಲ. ಅಂದರೆ ಚೂರು ಸುಳ್ಳು ಹೇಳುತ್ತಿಲ್ಲ, ಚೀಟಿ ಹೇಳುತ್ತಿದೆ. ಚೀಟಿ ಬರೆದವನು ನಾನು.

ಅವತ್ತೇ ನಿನಗೆ ‘ಸಿಗಲಿಲ್ಲ’ ಎಂದು ಬರೆದೆ. ನೀನು ‘ನಿನ್ನ ಮಾತು ಸಾಕು’ ಎಂದು ಬರೆದೆ. ಆಮೇಲೆ ನನಗೆ ಪೆನ್ನು ಹಿಡಿಯಲಾಗಲಿಲ್ಲ.

ಹೋದ ವಾರ ಪಾಳಿ ಪುಸ್ತಕ ತೆಗೆದೆ. ಉದ್ದಣ್ಣ ‘ನೋಡ್ಕೊ’ ಅಂದಿದ್ದ ಪುಸ್ತಕ. ಮೂವತ್ತೊಂದು ವರ್ಷ ತಡವಾಗಿ ನೋಡಿಕೊಂಡೆ. ಅವನ ಕೈಬರಹ ಅಷ್ಟೇನೂ ಕೆಟ್ಟದಾಗಿಲ್ಲ ಕಣೇ. ಮಧ್ಯಾಹ್ನ ಒಂದೂವರೆಗೆ ಬರೆದಿದ್ದಾನೆ: “ಎಂಜಿನಿಯರ್ ಆಜ್ಞೆಯಂತೆ ಇಂದಿನಿಂದ ಬೋರ್ಡಿನಲ್ಲಿ ಹಲ್ಲಿನ ಆಳ ಬರೆಯುವುದಿಲ್ಲ. ದಾರಿಯ ಲೆಕ್ಕ ಕಳೆದು ಚೂರಿನ ಆಳವನ್ನೇ ಬರೆಯುವುದು. ಎರಡು ಗಂಟೆಯವರು ಗಮನಿಸಿ.” ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಬೋರ್ಡಿನ ಮೇಲೆ ಅವನು ಬರೆದದ್ದು 1,836. ಅದು ಆಗಲೇ ಕಳೆದು ಬರೆದ ಅಂಕಿ. ನಾನು ಅದರಲ್ಲಿ ಮತ್ತೆ ಇಪ್ಪತ್ತನಾಲ್ಕು ಕಳೆದೆ.

ಕಳೆಯುವುದನ್ನು ಮರೆತವನಲ್ಲ ಎಂದು ಕೊಚ್ಚಿಕೊಂಡಿದ್ದೆನಲ್ಲ, ನಿಜ. ಎರಡು ಸಲ ಕಳೆದೆ.

ಎಣ್ಣೆ ಇದ್ದದ್ದು ಸುಣ್ಣಕಲ್ಲಿನಲ್ಲಿ. ನನ್ನ ಚೀಟಿ ನಂಬಿ ಕೊಳವೆಯನ್ನು ಮರಳುಗಲ್ಲಿಗೆ ಇಟ್ಟರು, ಉಪ್ಪುನೀರು ಬಂತು, ಬೋಗುಣಿ ಬರಡಾಯಿತು. ಪರೀಕ್ಷೆ ಮಾಡಿದವರ ಕೈ ನಡುಗಲಿಲ್ಲ ಮಗಳೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಉದ್ದಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ತಪ್ಪು ಅವನ ತಲೆಗೆ ಕಟ್ಟಿದ್ದರೆ ಎದ್ದು ಬಂದು ಕೇಳುತ್ತಿರಲಿಲ್ಲ. ನಾಲ್ಕು ದಿನ ಹಾಗೇ ಯೋಚಿಸಿದೆ. ಕಥೆ ಕೂಡ ಕಟ್ಟಿದೆ, ಚೆನ್ನಾಗಿಯೇ ಬಂತು. ನನಗೆ ಅಂಥದ್ದು ಸಲೀಸು. ಆಮೇಲೆ ಆ ಎರಡು ಗೆರೆ ನೋಡಿದೆ.

ಚೀಲ, ಪಾಳಿ ಪುಸ್ತಕದ ಆ ಪುಟದ ನಕಲು, ಎರಡೂ ಪೆಟ್ಟಿಗೆಯಲ್ಲಿವೆ. ಉತ್ತರದ ಗೂಟ ಕೀಳಿಸು.

ಮಾವ

*

ಸಮೀಕ್ಷಾ ಶಿಬಿರ
ಮಾರ್ಚ್ 28

ಮಾವ,

ಗೂಟ ಕಿತ್ತಾಯಿತು. ನಿನ್ನ ಕಾಗದ ಓದಿ ಅರ್ಧ ದಿನ ಸಿಟ್ಟು ಬಂತು. ಮಿಕ್ಕ ಅರ್ಧ ದಿನ ದಕ್ಷಿಣದ ನಕಾಶೆ ಬಿಡಿಸಿಕೊಂಡು ಕೂತೆ, ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಿನಗೆ ಅರ್ಥವಾಗುತ್ತಿದೆಯಾ? ಬೋಗುಣಿ ಪರೀಕ್ಷೆಯಲ್ಲಿ ನಪಾಸಾಗಿಲ್ಲ, ಅದನ್ನು ಪರೀಕ್ಷೆಗೇ ಕೂರಿಸಿಲ್ಲ! ಎಣ್ಣೆಯಿದ್ದ ಪದರವನ್ನು ಯಾರೂ ಮುಟ್ಟಿಯೇ ಇಲ್ಲ. ನನ್ನ ಡಾಂಬರು, ನಿನ್ನ ಹಸಿ ಎಣ್ಣೆ ಎರಡೂ ಒಂದೇ ಕಲ್ಲಿಗೆ ಬಂದು ಕೂತವು. ಮೊದಲಿಗಿಂತ ಈಗ ನನ್ನ ಕೈ ಗಟ್ಟಿ.

ಚೀಲವನ್ನು ವಾಪಸ್ ಕಳಿಸುತ್ತಿದ್ದೇನೆ. ಒಂದು ಚಮಚ ಮಾತ್ರ ಇಟ್ಟುಕೊಂಡಿದ್ದೇನೆ. ಹೊಸ ಪ್ರಸ್ತಾವವೂ ಇದೆ: ದಕ್ಷಿಣದಲ್ಲಿ ಪದರ ಬಾಗಿರುವ ಆ ಮಡಿಕೆ, ಗುರಿ ಸುಣ್ಣಕಲ್ಲು. ಆದರೆ ಬರೀ ಕಾಗದಕ್ಕೆ ಸಮಿತಿ ಜಗ್ಗುವುದಿಲ್ಲ. ಎಲ್ಲರ ತಲೆಯಲ್ಲೂ 1,812 ಅಚ್ಚೊತ್ತಿದೆ. ನಾನು ಬರುವ ಹಾಗಿಲ್ಲ. ನೆಲ ನಡುಗಿಸಿ ಪದರಗಳ ಚಿತ್ರ ತೆಗೆಯುವ ಸಿಡಿಮದ್ದಿನ ಪರವಾನಗಿ ನನ್ನ ಹೆಸರಿನಲ್ಲಿದೆ. ಮದ್ದು ಶಿಬಿರದಲ್ಲಿ ಇರುವತನಕ ನಾನೂ ಇರಬೇಕು.

ಅವರ ಮುಂದೆ ನಿಂತು ಹೇಳುವವರು ಒಬ್ಬರೇ ಇದ್ದಾರೆ. ಹೋಗು ಎಂದು ನಾನು ಹೇಳುವುದಿಲ್ಲ. ನಿವೃತ್ತಿಗೆ ಎಂಟು ತಿಂಗಳಿದೆ ನಿನಗೆ. ಇಲಾಖೆಯಲ್ಲಿ ನಿನ್ನ ಹೆಸರೇನು ಅಂತಲೂ ಗೊತ್ತು.

ನಿನ್ನ ಸೊಸೆ

*

ಕೇಂದ್ರ ಶಿಲಾ ಉಗ್ರಾಣ
ಏಪ್ರಿಲ್ 13

ಚಿರಂಜೀವಿ ಸುತ್ತಿಗೆಗೆ ಆಶೀರ್ವಾದ.

ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಗಲಲ್ಲಿ ಚೀಲ, ಕೈಯಲ್ಲಿ ಪಾಳಿ ಪುಸ್ತಕ, ಜೇಬಿನಲ್ಲಿ ಆಮ್ಲದ ಸೀಸೆ. ಬಾಗಿಲಲ್ಲಿ ಜವಾನ ತಡೆದು, “ಸೀಸೇಲಿ ಏನಣ್ಣಾ?” ಅಂದ. “ಸತ್ಯ ಕಣಯ್ಯ, ಮೈಮೇಲೆ ಬಿದ್ರೆ ಸುಡುತ್ತೆ” ಅಂದೆ. ಬಿಟ್ಟ.

ಉದ್ದ ಮೇಜು, ಏಳು ಜನ. ನಿರ್ದೇಶಕರು ನಿನ್ನ ಪ್ರಸ್ತಾವ ಮುಂದಿಟ್ಟುಕೊಂಡು, “ಏನ್ರೀ ಮೂಗಣ್ಣ, ಮೂವತ್ತೊಂದು ವರ್ಷ ಒಂದು ಕಥೆ ಹೇಳಿದ್ರಿ. ಈಗ ಇನ್ನೊಂದು ಅಂತೀರಿ. ಯಾವುದನ್ನ ನಂಬೋಣ?” ಎಂದರು.

“ಎರಡೂ ಬೇಡಿ ಸಾರ್. ನನ್ನನ್ನ ನಂಬಬೇಡಿ. ಚೀಲಾನ ನಂಬಿ” ಅಂದೆ.

ಅವರ ಟೀ ಸಾಸರನ್ನೇ ಎಳೆದುಕೊಂಡು ಚೂರು ಸುರಿದೆ, ಆಮ್ಲ ಬಿಟ್ಟೆ. ಏಳು ತಲೆಯೂ ಬಗ್ಗಿದವು. ಮಸೂರ ಕೊಟ್ಟು ಚಿಪ್ಪು ತೋರಿಸಿದೆ. ಪಕ್ಕದಲ್ಲಿ ನಿನ್ನ ಬಂಡೆಯ ಸುಣ್ಣಕಲ್ಲು ಇಟ್ಟೆ, ಅದರಲ್ಲೂ ಅದೇ ಚಿಪ್ಪು. ಪುಸ್ತಕ ತೆರೆದು ಆ ಸಾಲು ಓದಿದೆ.

ಕೊರೆತ ವಿಭಾಗದ ಮುಖ್ಯಸ್ಥರು ಒಳ್ಳೆಯವರು, ನನ್ನ ಮೇಲೆ ಪ್ರೀತಿ. ಮೆಲ್ಲಗೆ ದಾರಿ ಮಾಡಿಕೊಟ್ಟರು. “ಇಷ್ಟು ಮುಖ್ಯವಾದ ಬದಲಾವಣೇನ ಪುಸ್ತಕದಲ್ಲಿ ಬರೆದು ಹೋಗ್ಬಿಟ್ರೆ ಆಯ್ತೇನ್ರೀ? ಎದುರು ನಿಲ್ಲಿಸಿ ಹೇಳ್ಬೇಕಿತ್ತು. ಅದು ಬೆಳಗಿನ ಪಾಳಿಯವರ ತಪ್ಪು, ನಿಮ್ಮದಲ್ಲ.”

ಎಂಥ ಮೆತ್ತನೆ ಹಾಸಿಗೆ ಹಾಸಿಕೊಟ್ಟರು ನೋಡು! ಮಲಗಿಬಿಡಬಹುದಿತ್ತು. “ಅವನು ಬರೆದ, ಗೆರೆ ಎಳೆದ, ನೋಡ್ಕೊ ಅಂತ ಬಾಯಿಬಿಟ್ಟು ಹೇಳ್ದ. ಇನ್ನೇನು ಸಾರ್, ನನ್ನ ಕತ್ತು ಹಿಡಿದು ಓದಿಸ್ಬೇಕಿತ್ತಾ? ನೋಡದೇ ಇದ್ದೋನು ನಾನು” ಅಂದೆ.

ನಿರ್ದೇಶಕರು ನನ್ನ ಮುಖ ನೋಡಿದರು. “ಇದನ್ನ ಬರೆದು ಸಹಿ ಹಾಕ್ತೀರಾ?”

“ಬರ್ಕೊಂಡೇ ಬಂದಿದೀನಿ.”

ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿದರು. ಬಾಗಿಲು ತೆರೆದಾಗ ಏಳೂ ಜನ ಒಪ್ಪಿದ್ದರು. ದಕ್ಷಿಣದ ಮಡಿಕೆ, ಒಂದು ಬಾವಿ. ಕೊರೆಯುವ ರಿಗ್ಗು ಜೂನ್‌ನಲ್ಲಿ ಹೊರಡುತ್ತದೆ. ನಿರ್ದೇಶಕರು ಹೊರಗೆ ಬಂದು, “ಒಣಗಿದ್ರೆ ನಿಮ್ಮ ಸೊಸೆ ಕಥೆ ಮುಗೀತು, ಗೊತ್ತಲ್ಲ?” ಎಂದರು. “ಒಣಗಲ್ಲ ಸಾರ್” ಅಂದೆ. ನಾನು ಹಾಗೆ ಹೇಳುವ ಹಕ್ಕು ಕಳೆದುಕೊಂಡವನು ಎಂದು ಆಮೇಲೆ ಹೊಳೆಯಿತು. ಹೇಳಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿಗೆ ಸುದ್ದಿ ಮುಟ್ಟಿತ್ತು. ಯಾರೂ ಮೂಗಣ್ಣ ಎಂದು ಕರೆಯಲಿಲ್ಲ. ಊಟ ಮಾತ್ರ ಚೆನ್ನಾಗಿ ಸೇರಿತು.

ನಿನ್ನ ಮಾವ

*

ಬಾವಿಯ ಸ್ಥಳ
ಸೆಪ್ಟೆಂಬರ್ 14

ನನ್ನ ಪ್ರೀತಿಯ ಮಾವ,

ರೇಡಿಯೊದಲ್ಲಿ ನೀನು ಕೇಳಿಸಿಕೊಂಡಿರುತ್ತೀಯ. ಆದರೂ ನನ್ನ ಕೈಯಲ್ಲಿ ಬರೆಯಬೇಕು: ಎಣ್ಣೆ!

1,694 ಮೀಟರಿಗೆ ಸುಣ್ಣಕಲ್ಲು ಮುಟ್ಟಿದೆವು. ಹಲ್ಲು ಒಮ್ಮೆಲೇ ಕುಸಿದ ಹಾಗೆ ಮುಂದಕ್ಕೆ ಹೋಯಿತು, ಕಲ್ಲು ಅಷ್ಟು ಬಿರುಕು ಬಿಟ್ಟಿತ್ತು. ಅದೇ ಪದರಕ್ಕೆ ಕೊಳವೆ ಇಳಿಸಿದೆವು. ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ಬೆಳಗ್ಗೆ ಒಂಬತ್ತೂ ಕಾಲಿಗೆ ಕೊಳವೆಯ ಬಾಯಿಂದ ಹಸಿರು ಮಿಶ್ರಿತ ಕಪ್ಪು ಎಣ್ಣೆ, ತಡೆ ಇಲ್ಲದೆ. ಕೊರೆಯುವ ಮೇಸ್ತ್ರಿ ಅಂಗೈ ತುಂಬ ಹಿಡಿದುಕೊಂಡು, “ಮೇಡಂ, ಇಷ್ಟು ವರ್ಷ ಇದು ಇಲ್ಲೇ ಇತ್ತಾ? ನಮ್ ಕಾಲ ಕೆಳಗೇನಾ?” ಎಂದು ನನ್ನನ್ನೇ ಕೇಳಿದರು. ದಿನಕ್ಕೆ ನಾನೂರು ಪೀಪಾಯಿ. ಆಕಾಶಕ್ಕೆ ಚಿಮ್ಮುವಷ್ಟಿಲ್ಲ. ಆದರೆ ಐದು ದಿನದಿಂದ ಒಂದೇ ಸಮ ಬರುತ್ತಿದೆ. ನಿರ್ದೇಶಕರು ಇನ್ನೂ ಮೂರು ಬಾವಿಗೆ ಒಪ್ಪಿದ್ದಾರೆ. ಪಕ್ಕದ ಎರಡು ಬೋಗುಣಿಗಳ ಹಳೆಯ ಚೀಲಗಳನ್ನೂ ಮತ್ತೆ ತೆಗೆದು ನೋಡಬೇಕಂತೆ. ನಿನಗೆ ಕೆಲಸ ಬಂತು.

ವರದಿ ಬರೆಯುತ್ತಿದ್ದೇನೆ. ನಿನಗೆ ಸಂಬಂಧಪಟ್ಟ ಸಾಲನ್ನು ನೂರು ಸಲ ತಿದ್ದಿ ಹೀಗೆ ಬರೆದಿದ್ದೇನೆ: ‘ಮೊದಲ ಬಾವಿಯಲ್ಲಿ ಪಾಳಿಗಳ ನಡುವಿನ ಗೊಂದಲದಿಂದ ಒಂದು ಮಾದರಿಯ ಆಳದ ನಮೂದಿನಲ್ಲಿ ವ್ಯತ್ಯಾಸವಾಗಿತ್ತು.’ ಇಷ್ಟು ಸಾಕು. ಅಚ್ಚಾದ ವರದಿಯಲ್ಲಿ ಯಾರಿಗೂ ನೀನು ಕಾಣಿಸುವುದಿಲ್ಲ. ಸರಿ ತಾನೆ?

ನಿನ್ನ ಸೊಸೆ

*

ಕೇಂದ್ರ ಶಿಲಾ ಉಗ್ರಾಣ
ಸೆಪ್ಟೆಂಬರ್ 20

ಚಿರಂಜೀವಿ ಸುತ್ತಿಗೆಗೆ ಮಾವನ ಆಶೀರ್ವಾದ.

ನಾನೂರು ಪೀಪಾಯಿ! ರೇಡಿಯೊ ಕೋಣೆಯಲ್ಲಿ ನಾನು ಕುಣಿದದ್ದನ್ನು ಯಾರಾದರೂ ನಿನಗೆ ಹೇಳಿದರೆ ನಂಬು. ಅಕ್ಕನಿಗೆ ಫೋನು ಮಾಡಿದೆ. “ಅವಳು ಊಟ ಮಾಡಿದ್ಲಂತಾ?” ಎಂದು ಕೇಳಿದಳು. ಮಾಡಿದ್ದಾಳೆ ಎಂದು ಸುಳ್ಳು ಹೇಳಿದ್ದೇನೆ.

ನಿನ್ನ ಸಾಲು ಮಾತ್ರ ಸರಿಯಿಲ್ಲ.

‘ಪಾಳಿಗಳ ನಡುವಿನ ಗೊಂದಲ’ ಅಂದರೆ ಪಾಳಿ ಎರಡು ತಾನೆ? ಅರ್ಧ ತಪ್ಪು ಉದ್ದಣ್ಣನ ಪಾಲಿಗೆ ಹೋಯಿತು. ಅವನಿಗೆ ಒಂದು ಚೂರೂ ಗೊಂದಲವಿರಲಿಲ್ಲ. ನನ್ನನ್ನು ಮುಚ್ಚಲು ಹೋಗಿ ನೀನು ಅವನ ಮೇಲೆ ಮಣ್ಣು ಹಾಕಿದ್ದೀಯ. ಮೂವತ್ತೊಂದು ವರ್ಷ ಅದೇ ಕೆಲಸವನ್ನು ನಾನು ಮಾಡಿದ್ದು ಸಾಲದೆ? ಮದುವೆ ಮನೆಗಳಲ್ಲಿ, ಕ್ಯಾಂಟೀನಿನಲ್ಲಿ, ಅವನು ಬದುಕಿದ್ದಾಗ ಅವನ ಎದುರಿಗೇ, ಆಕಳಿಕೆಯ ಕಥೆ ಹೇಳಿ ಜನರನ್ನು ನಗಿಸಿದೆ. ಅವನೂ ನಗುತ್ತಿದ್ದ. ಅವನ ಹೆಂಡತಿ ನಗುತ್ತಿರಲಿಲ್ಲ. ಅದು ನನಗೆ ಆಗಲೂ ಕಾಣುತ್ತಿತ್ತು.

ವರದಿ ಅಂದಮೇಲೆ ಮುಂದೆ ಯಾರೋ ನಿನ್ನಂಥ ಹುಡುಗಿ ಓದುತ್ತಾಳೆ. ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಅನುಮಾನಿಸಬೇಕು ಎಂದು ಅವಳಿಗೆ ತಿಳಿಯಬೇಕು. ಹೀಗೆ ಬರೆ:

‘ಬೆಳಗಿನ ಪಾಳಿಯವರು ಬೋರ್ಡಿನಲ್ಲಿ ಬರೆದ 1,836 ಸರಿಯಾಗಿತ್ತು. ಬದಲಾವಣೆಯನ್ನು ಅವರು ಪುಸ್ತಕದಲ್ಲಿ ಸ್ಪಷ್ಟವಾಗಿ ದಾಖಲಿಸಿದ್ದರು. ಮಧ್ಯಾಹ್ನದ ಪಾಳಿಯವರು ಅದನ್ನು ಓದದೆ ಇಪ್ಪತ್ತನಾಲ್ಕು ಮೀಟರನ್ನು ಎರಡನೆಯ ಬಾರಿ ಕಳೆದರು.’

ಒಂದು ಅಕ್ಷರವನ್ನೂ ಮೃದು ಮಾಡಬೇಡ. ಇಬ್ಬರ ಹೆಸರನ್ನೂ ಪೂರ್ತಿ ಹಾಕು, ಅವನದು ಮೊದಲು. ನನಗೇನೂ ಆಗುವುದಿಲ್ಲ. ಸಮಿತಿಯ ಮುಂದೆ ನಿಂತು ಬಂದವನಿಗೆ ಒಂದು ಪುಟ ಯಾವ ಲೆಕ್ಕ?

ಅಚ್ಚಾದ ಮೇಲೆ ಒಂದು ಪ್ರತಿ ಹೆಚ್ಚಿಗೆ ಕಳಿಸು. ಉದ್ದಣ್ಣನ ಹೆಂಡತಿ ಇಲ್ಲೇ ಎರಡು ಬೀದಿ ಆಚೆ ಮಗಳ ಮನೆಯಲ್ಲಿದ್ದಾರೆ. ಆ ಪುಟಕ್ಕೆ ಕಾಗದ ಸಿಕ್ಕಿಸಿ ಅವರ ಕೈಗೆ ಕೊಟ್ಟು ಬರುತ್ತೇನೆ. ನಾನು ಓದಿ ಹೇಳುವುದಿಲ್ಲ. ನನ್ನ ಬಾಯಿಗೆ ಬಿದ್ದರೆ ಅದೂ ಒಂದು ಕಥೆಯಾಗಿಬಿಡುತ್ತದೆ. ಕನ್ನಡಕ ಹಾಕಿಕೊಂಡು ಅವರೇ ಓದಿಕೊಳ್ಳಲಿ. ನಾನು ಎದುರಿಗೆ ಸುಮ್ಮನೆ ಕೂತಿರುತ್ತೇನೆ.

ನಿನ್ನ ಮಾವ